ಗೆಟ್ಟಮ್ಮ ಎಂಬ ಹೆಸರು

ತೊಂಬತ್ತರ ದಶಕದ ಆರಂಭದಲ್ಲಿ ನಾನು ಶ್ರೀರಂಗಪಟ್ಟಣದಲ್ಲಿ ಪಿಯುಸಿಗೆ ಸೇರಿದೆ. ನಮ್ಮದು ಅರಕೆರೆ ಪಕ್ಕದ ಹಳ್ಳಿ. ನಾಲೆ ನೀರಿನ ಊರು. ಭತ್ತ, ಕಬ್ಬು, ಜೊತೆಗೆ ಕೊಟ್ಟಿಗೆಯಲ್ಲಿ ಒಂದೆರಡು ಎಮ್ಮೆ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ, ನೀರು ಹುಯ್ದುಕೊಂಡು, ಜಡೆ ಹೆಣೆಯುತ್ತಲೇ ಓಡಿಬಂದು ಬಸ್ಸು ಹತ್ತುತ್ತಿದ್ದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದ ನನಗೆ ಇಂಗ್ಲಿಷ್ ಎಂದರೆ ಗೈಡಿನಲ್ಲಿದ್ದುದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಇಳಿಸುವುದು, ಅಷ್ಟೆ. ಅದನ್ನು ಒಬ್ಬರು ಎದುರು ನಿಂತು ಆಡುತ್ತಾರೆ, ಆಡಿದ್ದಕ್ಕೆ ನಾನು ಉತ್ತರ ಕೊಡಬೇಕಾಗುತ್ತದೆ ಎಂಬುದು ಕಾಲೇಜಿಗೆ ಬರುವತನಕ ಗೊತ್ತಿರಲಿಲ್ಲ.

ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟ್ರು ಇಸ್ತ್ರಿ ಕೆಡದ ಬಿಳಿ ಅಂಗಿ ತೊಡುತ್ತಿದ್ದರು. ದನಿ ಚೆನ್ನಾಗಿತ್ತು. ಪಾಠವನ್ನೂ ಚೆನ್ನಾಗಿಯೇ ಮಾಡುತ್ತಿದ್ದರು, ಅದನ್ನು ಇಲ್ಲವೆನ್ನುವಷ್ಟು ಸುಳ್ಳಿ ನಾನಲ್ಲ. ಆದರೆ ಪಿರಿಯಡ್ಡು ಮುಗಿಯುವುದರೊಳಗೆ ತರಗತಿಯನ್ನು ಒಮ್ಮೆ ನಗಿಸದಿದ್ದರೆ ಅವರಿಗೆ ಸಮಾಧಾನವಿಲ್ಲ. ನಗಿಸುವುದಕ್ಕೆ ಹಳ್ಳಿಯಿಂದ ಬಂದ ಯಾರಾದರೊಬ್ಬರು ಬೇಕು.

ಸೇರಿದ ಹೊಸತರಲ್ಲೇ ಒಂದು ದಿನ ಅವರು ವ್ಯಾಕರಣದ ಅಚ್ಚು ಹಾಳೆಗಳನ್ನು ಹಂಚಿಸಿದರು. ನಾನು ಕೂತಿದ್ದು ಕೊನೆಯ ಬೆಂಚು. ಅಲ್ಲಿಗೆ ಬರುವಷ್ಟರಲ್ಲಿ ಹಾಳೆ ಮುಗಿದುಹೋಗಿತ್ತು. ಕೇಳಲು ಹೆದರಿಕೆಯಾಗಿ ಸುಮ್ಮನೆ ಕೂತೆ. ಮೇಷ್ಟ್ರು ಬೋರ್ಡಿನ ಮೇಲೆ ಏನೋ ಬರೆದು, ವಿವರಿಸಿ, ತಟ್ಟನೆ ನನ್ನ ಕಡೆ ಬೆರಳು ತೋರಿಸಿ ಕೇಳಿದರು: "ಡಿಡ್ ಯೂ ಗೆಟ್ ಇಟ್?"

ಗೆಟ್ ಎಂದರೆ ಪಡೆ ಎಂದು ಹೈಸ್ಕೂಲಿನಲ್ಲಿ ಉರು ಹೊಡೆದಿದ್ದೆ. ಹಾಳೆಯ ವಿಚಾರ ಕೇಳುತ್ತಿದ್ದಾರೆ ಅಂದುಕೊಂಡೆ. ಎದ್ದು ನಿಂತು, "ಇಲ್ಲ ಸಾರ್, ನೀವು ನಂಗೆ ಕೊಟ್ಟೇ ಇಲ್ಲ" ಅಂದೆ.

ಮೇಷ್ಟ್ರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಡಸ್ಟರು ಮೇಜಿನ ಮೇಲಿಟ್ಟು ನಕ್ಕರು. ಅವರು ನಕ್ಕಿದ್ದು ಕಂಡು ತರಗತಿಯೂ ನಕ್ಕಿತು.

"ಅರ್ಥ ಆಯ್ತಾ ಅಂತ ಕೇಳಿದ್ದು ಕಣಮ್ಮ. ಅರ್ಥವನ್ನ ನಾನು ಕೈಗೆ ಕೊಡಬೇಕಾ? ಪಾತ್ರೆ ತಂದಿದ್ದೀಯಾ ಹಾಕಿಸ್ಕೊಳ್ಳೋಕೆ?" ಮತ್ತೆ ನಗು. "ಮನೇಲಿ ಎಮ್ಮೆ ಇದೆಯಾ?"

"ಅದೆ ಸಾರ್."

"ಅದರ ಹತ್ರ ಕೂತ್ಕೊಂಡು ಕೇಳು, ಅದು ಕೊಡುತ್ತೆ. ಕೂತ್ಕೋ ಗೆಟ್ಟಮ್ಮ."

ನಾನು ಕೂತೆ. ಹಾಳೆ ಸಿಕ್ಕಿಲ್ಲ ಎಂದು ಹೇಳುವುದಕ್ಕೂ ಬಾಯಿ ಬರಲಿಲ್ಲ.

ಅದು ಅಲ್ಲಿಗೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಮರುದಿನ ಹಾಜರಿ ಕೂಗುವಾಗ ಅವರು ನನ್ನ ನಂಬರು ಬಂದ ತಕ್ಷಣ "ಗೆಟ್ಟಮ್ಮ ಬಂದಿದ್ದಾಳಾ?" ಅಂದರು. ಎರಡು ವರ್ಷವೂ ಹಾಗೇ ಅಂದರು. ಹುಡುಗರು ಅದನ್ನು ಬಸ್ಸಿಗೆ ತಂದರು. ಬಸ್ಸಿನಿಂದ ಅದು ಅರಕೆರೆಯ ಸ್ಟಾಪಿನಲ್ಲಿ ಇಳಿಯಿತು, ಅಲ್ಲಿಂದ ನಮ್ಮೂರಿಗೂ ನಡೆದುಕೊಂಡು ಬಂತು.

ಇಂಗ್ಲಿಷ್ ಬಲ್ಲ ಮೇಷ್ಟ್ರಿಗೆ ಅದು ಇಂಗ್ಲಿಷ್ ತಮಾಷೆ. ನಮ್ಮೂರಿನ ಕಿವಿಗೆ ಅದು ಅಚ್ಚಗನ್ನಡ. ಮತಿಗೆಟ್ಟವಳು, ಮಾನಗೆಟ್ಟವಳು, ಗತಿಗೆಟ್ಟವಳು ಎಂದು ಬಯ್ಯುವ ಊರಿನಲ್ಲಿ ಬರೀ ಗೆಟ್ಟಮ್ಮ ಎಂದರೆ ಮುಂದಿನದನ್ನು ಕೇಳಿದವರೇ ಸೇರಿಸಿಕೊಳ್ಳುತ್ತಾರೆ. ಏನು ಕೆಟ್ಟಿತ್ತು ಎನ್ನುವುದು ಅವರವರ ಬಾಯಿಗೆ ಬಿಟ್ಟದ್ದು.

ಅವ್ವನಿಗೆ ಈ ಹೆಸರು ಕೇಳಿಸಿದ ದಿನ ನನ್ನನ್ನು ಕೊಟ್ಟಿಗೆಗೆ ಕರೆದು ಕೇಳಿದಳು. ನಾನು ನಡೆದದ್ದೆಲ್ಲ ಹೇಳಿದೆ.

"ಎಮ್ಮೆ ಅತ್ರ ಕೇಳು ಅಂದ್ನಾ? ಅವ್ನು ಬೆಳಿಗ್ಗೆದ್ದು ಕುಡಿಯೋ ಕಾಫಿಗೆ ಆಲು ಯಾರ್ ಮನೇದಂತೆ? ನಡಿ, ನಾಳೀಕೆ ನಾನೂ ಬತ್ತೀನಿ, ಕೇಳೇಬುಡನ."

"ಬ್ಯಾಡ ಕಣವ್ವ. ನೀನ್ ಬಂದ್ರೆ ಅದ್ನೂ ಆಡ್ಕಂಡು ನಗ್ತಾರೆ."

"ಮತ್ತೆ ಸುಮ್ಕಿದ್ಬುಟ್ಟೀಯಾ?"

"ಸುಮ್ಕಿರಲ್ಲ."

ಹಾಗಂದೆನೇ ಹೊರತು ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಸಗಣಿ ಬಾಚುತ್ತಾ, ಹುಲ್ಲು ಹೊರುತ್ತಾ ಮೇಷ್ಟ್ರಿಗೆ ಹೇಳಬೇಕಾದ ಮಾತುಗಳನ್ನು ಒಳಗೊಳಗೇ ಕಟ್ಟುತ್ತಿದ್ದೆ. ಎಲ್ಲವೂ ಕನ್ನಡದಲ್ಲೇ ಬರುತ್ತಿದ್ದವು. ಅವರಿಗೆ ನೋವಾಗಬೇಕಾದರೆ ಅವರ ಇಂಗ್ಲಿಷಿನಲ್ಲೇ ಆಗಬೇಕು ಅನ್ನಿಸುತ್ತಿತ್ತು. ಆ ಇಂಗ್ಲಿಷ್ ನನ್ನಲ್ಲಿರಲಿಲ್ಲ.

ಎರಡನೆಯ ಪಿಯುಸಿ ಮುಗಿದ ಬೇಸಿಗೆಯಲ್ಲಿ ಕೆ.ಆರ್. ಪೇಟೆ ಕಡೆಯಿಂದ ನನಗೊಂದು ಸಂಬಂಧ ಬಂತು. ಹುಡುಗ ಕೆಲಸದಲ್ಲಿದ್ದ, ಮನೆಯೂ ಚೆನ್ನಾಗಿತ್ತು. ಬಂದು ನೋಡಿ ಒಪ್ಪಿ ಹೋದರು. ನನಗೂ ಒಪ್ಪಿಗೆಯಿತ್ತು. ಹುಡುಗ ನನ್ನನ್ನು ಕದ್ದು ನೋಡಿ ಸಿಕ್ಕಿಬಿದ್ದು ಲೋಟದ ಕಾಫಿಯನ್ನು ಪಂಚೆ ಮೇಲೆ ಚೆಲ್ಲಿಕೊಂಡಿದ್ದ. ಅದು ನನಗೆ ಇಷ್ಟವಾಗಿತ್ತು. ಮಾತುಕತೆಗೆ ದಿನ ಗೊತ್ತು ಮಾಡುವ ಹೊತ್ತಿಗೆ, ಸಂಬಂಧ ತಂದಿದ್ದ ದೊಡ್ಡಪ್ಪನ ವರಸೆಯವರು ಒಬ್ಬರೇ ಬಂದು ಜಗುಲಿಯ ಮೇಲೆ ಕೂತರು.

"ಉಡ್ಗಿ ಮ್ಯಾಲೆ ಏನೂ ಇಲ್ಲ ಅಂತ ನಂಗೊತ್ತು" ಎಂದು ಅಪ್ಪನಿಗೆ ಹೇಳಿದರು. "ಆದ್ರೆ ಅವ್ರ ಮನೆ ಅಜ್ಜಿ ಪಟ್ಟು ಇಡ್ದು ಕೂತದೆ. ಬಸ್ನಾಗೆ ಉಡುಗ್ರೆಲ್ಲ ಗೆಟ್ಟಮ್ಮ ಗೆಟ್ಟಮ್ಮ ಅಂತಾರಂತಲ್ಲ, ಸುಮ್ಸುಮ್ಕೆ ಯಾರಾದ್ರೂ ಅಂದಾರಾ ಅಂತದೆ."

"ಅದು ಇಂಗ್ಲೀಸ್ ಪದವಂತೆ ಕಣಣ್ಣ" ಎಂದರು ಅಪ್ಪ.

"ನಾನೂ ಅಂಗೇ ಅಂದೆ ಕಣಪ್ಪ. ಇಂಗ್ಲೀಸ್ನಾಗೆ ಕೆಟ್ರೂ ಕೆಟ್ಟಂಗೇ ಅಂದ್ಬುಡ್ತು."

ಅಪ್ಪ ಎದ್ದು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಗದ್ದೆ ಕಡೆ ಹೋದರು. ಕತ್ತಲಾದರೂ ಬರಲಿಲ್ಲ. ಅವರನ್ನು ಕರೆಯಲು ಹೋದ ಅವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ವಾಪಸು ಬಂದಳು. ನನ್ನ ಅಪ್ಪ ಒಬ್ಬರ ಬಾಯಿಗೂ ಹೋದವರಲ್ಲ. ಅವರ ತಲೆ ಬಗ್ಗಿಸಿದ್ದು ಒಂದು ಮೂರಕ್ಷರದ ಇಂಗ್ಲಿಷ್ ಪದ, ಅದನ್ನು ನನ್ನ ಮೇಲೆ ಎಸೆದವರು ಒಬ್ಬ ಓದಿದ ಮನುಷ್ಯ. ಅಲ್ಲಿಯವರೆಗೆ ನನಗಿದ್ದುದು ಬೇಸರ. ಅವತ್ತಿನಿಂದ ಹಗೆ.

ಡಿಗ್ರಿಗೆ ನಾನು ಶ್ರೀರಂಗಪಟ್ಟಣಕ್ಕೆ ಹೋಗುವುದಿಲ್ಲ ಎಂದೆ. ಪಾಂಡವಪುರದಲ್ಲಿ ಅವ್ವನ ತಮ್ಮ, ನನ್ನ ಸೋದರಮಾವ, ಗುಮಾಸ್ತರಾಗಿದ್ದರು. ಅವರ ಮನೆಯಲ್ಲಿದ್ದುಕೊಂಡು ಬಿ.ಎ.ಗೆ ಸೇರಿದೆ. ಇಂಗ್ಲಿಷನ್ನು ಐಚ್ಛಿಕವಾಗಿ ತೆಗೆದುಕೊಂಡಾಗ ಮಾವ ಹುಬ್ಬೇರಿಸಿದರು. ಅವರ ಮನೆಯಲ್ಲಿ ಒಂದು ದಪ್ಪ ಇಂಗ್ಲಿಷ್ ನಿಘಂಟಿತ್ತು. ಯಾರೋ ವರ್ಗವಾಗಿ ಹೋಗುವಾಗ ಬಿಟ್ಟುಹೋದದ್ದು. ಎತ್ತರಕ್ಕಿರಲಿ ಎಂದು ಅದನ್ನು ರೇಡಿಯೋ ಕೆಳಗೆ ಇಟ್ಟಿದ್ದರು.

"ಮಾವ, ಇದು ನಂಗೆ ಬೇಕು."

"ತಗಂಡೋಗವ್ವ. ರೇಡಿಯೋ ಕೆಳಿಕ್ಕೆ ಮಣೆ ಮಡಿಕತೀನಿ."

ನಾನು ಮೊದಲು ತೆಗೆದದ್ದು ಅದೇ ಪದದ ಪುಟ. ಪುಟ ಅಲ್ಲ, ಪುಟಗಳು. ನನ್ನನ್ನು ನಗೆಪಾಟಲು ಮಾಡಿದ ಅರ್ಥ ಎಷ್ಟೋ ಅರ್ಥಗಳ ನಡುವೆ ಒಂದು ಮೂಲೆಯಲ್ಲಿತ್ತು. ನಾನು ಹೇಳಿದ್ದ ಅರ್ಥ ಎಲ್ಲಕ್ಕಿಂತ ಮೇಲೆ, ಮೊದಲನೆಯ ಸಾಲಿನಲ್ಲಿತ್ತು. ಅದನ್ನು ನೋಡಿ ನನಗೆ ಅಳು ಬಂತು. ನಾನು ತಪ್ಪು ಹೇಳಿರಲಿಲ್ಲ. ಆ ಗಳಿಗೆಗೆ ಬೇಕಾದ್ದನ್ನು ಹೇಳಿರಲಿಲ್ಲ, ಅಷ್ಟೆ.

ಆ ಪದದ ಬೆನ್ನು ಬಿದ್ದೆ. ದಿನಕ್ಕೊಂದು ಬಳಕೆ ಹಿಡಿದು ಕನ್ನಡದಲ್ಲಿ ಹೇಗೆ ಅನ್ನುತ್ತೇವೆ ಎಂದು ಯೋಚಿಸುತ್ತಿದ್ದೆ. ಗೆಟ್ ಅಪ್ ಎಂದರೆ ಏಳುವುದು, ಗೆಟ್ ಡೌನ್ ಎಂದರೆ ಬಸ್ಸಿಳಿಯುವುದು. ಮಳೆಯಲ್ಲಿ ಗೆಟ್ ಆದರೆ ನೆನೆಯುವುದು, ಮಂಟಪದಲ್ಲಿ ಗೆಟ್ ಆದರೆ ಮದುವೆ. ಒಂದೇ ಪದ ನಮ್ಮಲ್ಲಿ ಆಗು, ಸಿಗು, ತಲುಪು, ತರು, ಬೀಳು ಎಂದು ಒಡೆದುಹೋಗುತ್ತದೆ. ಇನ್ನೊಬ್ಬರ ಕೈಲಿ ಕೆಲಸ ಮಾಡಿಸುವುದಕ್ಕೂ ಅದೇ ಪದ. ಮಗು ಚೇಷ್ಟೆ ಮಾಡಿದಾಗ ನಮ್ಮ ಹೆಂಗಸರು "ಬೀಳ್ತವೆ ನೋಡು" ಎಂದು ಗದರುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಪದ. ನಮಗೆ ಸಿಟ್ಟು ಬರುತ್ತದೆ, ಎಲ್ಲಿಂದಲೋ ನೆಂಟನ ಹಾಗೆ. ಇಂಗ್ಲಿಷಿನಲ್ಲಿ ಸಿಟ್ಟು ಬರುವುದಿಲ್ಲ, ಮನುಷ್ಯನೇ ಹೋಗಿ ಸಿಟ್ಟಾಗುತ್ತಾನೆ. ನನ್ನ ಸಿಟ್ಟು ಯಾವ ಬಗೆಯದು ಎಂದು ಒಮ್ಮೆ ಕೇಳಿಕೊಂಡೆ. ಬಂದದ್ದಾಗಿದ್ದರೆ ಇಷ್ಟು ಹೊತ್ತಿಗೆ ಎದ್ದು ಹೋಗಬೇಕಿತ್ತು.

ಗೆಟ್ ಈವನ್ ಎಂಬ ಬಳಕೆ ಸಿಕ್ಕಿದ ದಿನ ನಿಘಂಟು ಮುಚ್ಚಿ ಹಿತ್ತಿಲಿಗೆ ಹೋಗಿ ನಿಂತೆ. ಸೇಡು ತೀರಿಸಿಕೊಳ್ಳುವುದು ಎಂದು ಅದರ ಅರ್ಥ. ಪದಕ್ಕೆ ಪದ ಇಟ್ಟರೆ ಸಮ ಆಗುವುದು. ನಾಟಿಗೆ ಮೊದಲು ಅಪ್ಪ ಗದ್ದೆಯನ್ನು ಮಟ್ಟ ಮಾಡುತ್ತಿದ್ದುದು ಕಣ್ಣಮುಂದೆ ಬಂತು. ಎತ್ತರವಾಗಿರುವ ಕಡೆಯಿಂದ ಮಣ್ಣು ಎಳೆದು ತಗ್ಗಿಗೆ ಹಾಕದಿದ್ದರೆ ನೀರು ನಿಲ್ಲುವುದಿಲ್ಲ.

ಡಿಗ್ರಿ ಆಯಿತು, ಬಿ.ಎಡ್. ಆಯಿತು. ಕೆ.ಆರ್. ಪೇಟೆ ಹತ್ತಿರ, ಮಾಕವಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾದೆ. ಕಬ್ಬಿನ ಗಾಡಿ, ಟ್ರಾಕ್ಟರುಗಳ ಸದ್ದಿನ ನಡುವೆ ಪಾಠ ಮಾಡುವುದು ಅಭ್ಯಾಸವಾಯಿತು. ಮೇಷ್ಟ್ರ ನೆನಪು ದಿನಾ ಬರುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಆದರೆ ಆ ಪದ ಪಾಠದಲ್ಲಿ ಬಂದಾಗಲೆಲ್ಲ ಬರುತ್ತಿತ್ತು, ಮತ್ತು ಆ ಪದ ಬಾರದ ಪಾಠವೇ ಇಂಗ್ಲಿಷಿನಲ್ಲಿಲ್ಲ.

ದಶಕ ಮುಗಿಯುತ್ತ ಬಂದಾಗ ಒಂದು ಬೇಸಿಗೆಯಲ್ಲಿ ಇಂಗ್ಲಿಷ್ ಶಿಕ್ಷಕರಿಗೆಲ್ಲ ನಾಗಮಂಗಲದಲ್ಲಿ ತರಬೇತಿ ಇಟ್ಟರು. ನಾನು ನಮ್ಮ ಪಕ್ಕದ ಶಾಲೆಯ ಗೆಳತಿಯೊಬ್ಬಳ ಜೊತೆ ಹೋಗಿದ್ದೆ. ಕೊನೆಯ ದಿನ ವಿಶೇಷ ಉಪನ್ಯಾಸವಿತ್ತು. ಬಿಳಿ ಅಂಗಿಯ ಒಬ್ಬರು ಒಳಗೆ ಬಂದರು. ಕೂದಲು ಹಿಂದೆ ಸರಿದಿತ್ತು, ದನಿ ಹಾಗೇ ಇತ್ತು. ನಮ್ಮ ಮೇಷ್ಟ್ರೇ.

ಅವರು ನನ್ನನ್ನು ಗುರುತಿಸಲಿಲ್ಲ. ಮಾತಾಡಿದ್ದು ಯಾವುದರ ಬಗ್ಗೆ ಎಂದರೆ, ಇಂಗ್ಲಿಷಿನ ಸಣ್ಣ ಕ್ರಿಯಾಪದಗಳ ಬಗ್ಗೆ. ಚೆನ್ನಾಗಿಯೇ ಮಾತಾಡಿದರು. ತಪ್ಪು ಹಿಡಿಯೋಣವೆಂದು ಕಿವಿಗೊಟ್ಟು ಕೂತೆ, ಒಂದೂ ಸಿಗಲಿಲ್ಲ. ಇಷ್ಟು ವರ್ಷ ಮಸೆದದ್ದೆಲ್ಲ ಸುಮ್ಮನೆ ಹೋಯಿತಲ್ಲ ಎಂದು ಕೈಕೈ ಹಿಸುಕಿಕೊಂಡೆ. ಆಗ ಅವರು ನಗುತ್ತಾ ಹೇಳಿದರು: "ಗೆಟ್ ಅನ್ನೋದಕ್ಕೆ ಒಂದು ಉದಾಹರಣೆ ಹೇಳ್ತೀನಿ. ನಾನು ಎಲ್ಲಾ ಕಡೆ ಹೇಳ್ತಿರ್ತೀನಿ. ಹಿಂದೆ ನನ್ನ ಕ್ಲಾಸಲ್ಲಿ ಒಬ್ಬಳು ಹಳ್ಳಿ ಹುಡುಗಿ ಇದ್ದಳು. ಡಿಡ್ ಯೂ ಗೆಟ್ ಇಟ್ ಅಂದ್ರೆ, ಎದ್ದು ನಿಂತು..."

ಪೂರ್ತಿ ಹೇಳಿದರು. ಎಮ್ಮೆಯನ್ನೂ ಬಿಡಲಿಲ್ಲ. ಹಾಳೆಯ ವಿಚಾರ ಮಾತ್ರ ಅದರಲ್ಲಿರಲಿಲ್ಲ, ಅದು ಅವರಿಗೆ ಗೊತ್ತೇ ಇರಲಿಲ್ಲ. ಸಭೆ ಗೊಳ್ಳೆಂದು ನಕ್ಕಿತು. ನನ್ನ ಗೆಳತಿಯೂ ನಕ್ಕಳು. ಅವಳೊಬ್ಬಳಿಗೆ ನಾನು ಹಿಂದೆ ಈ ಕಥೆ ಹೇಳಿದ್ದೆ. ಅರ್ಧ ನಗುವಿನಲ್ಲಿ ಅವಳಿಗೆ ಹೊಳೆಯಿತು. ನನ್ನ ಮುಖ ನೋಡಿ ನಗು ನುಂಗಿದಳು.

"ಇವ್ರೇನಾ?"

ಹೌದೆಂದು ತಲೆಯಾಡಿಸಿದೆ. ಅವರು ಹುಡುಗಿಯನ್ನು ಮರೆತು ತಮಾಷೆಯನ್ನು ಮಾತ್ರ ಇಟ್ಟುಕೊಂಡಿದ್ದರು. ಊರೂರಿಗೆ ಹೊತ್ತುಕೊಂಡು ಹೋಗಿ ನನ್ನನ್ನು ನಗೆಗೆ ಬಡಿಸುತ್ತಿದ್ದರು.

ಶಿಬಿರ ನಡೆಸುತ್ತಿದ್ದವರು ವಂದನಾರ್ಪಣೆ ಯಾರು ಮಾಡುತ್ತೀರಿ ಎಂದು ಕೇಳಿದರು. ಸಾಮಾನ್ಯವಾಗಿ ಅದಕ್ಕೆ ಯಾರೂ ಕೈ ಎತ್ತುವುದಿಲ್ಲ. ನಾನು ಎತ್ತಿದೆ.

ಮೈಕಿನ ಮುಂದೆ ಹೋಗಿ ನಿಂತು ಇಂಗ್ಲಿಷಿನಲ್ಲೇ ಶುರು ಮಾಡಿದೆ. ಸಾಲು ಸಾಲಿಗೂ ಅದೇ ಕ್ರಿಯಾಪದ. ಬೆಳಿಗ್ಗೆ ಎದ್ದೆ, ಬಸ್ಸು ಸಿಕ್ಕಿತು, ನಾಗಮಂಗಲದಲ್ಲಿ ಇಳಿದೆ, ಕೊನೆಯ ಸಾಲಿನಲ್ಲಿ ಸೀಟು ಸಿಕ್ಕಿತು, ಬಿಸಿಲಿಗೆ ಬಾಯಾರಿತು, ಎಲ್ಲವನ್ನೂ ಗಾಟ್ ಗಾಟ್ ಎಂದೇ ಹೇಳಿಕೊಂಡು ಹೋದೆ. ಶಿಕ್ಷಕರು ನಕ್ಕು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮೆಚ್ಚಿ ತಲೆದೂಗಿದರು. ಅವರು ತಲೆದೂಗುವವರೆಗೆ ನಾನು ಕಾದೆ. ಆಮೇಲೆ ಅದೇ ದನಿಯಲ್ಲಿ, "ಅಂಡ್ ಐ ಗಾಟ್ ಎ ನೇಮ್ ಫ್ರಮ್ ಸರ್" ಎಂದೆ. ನನಗೊಂದು ಹೆಸರೂ ಸಿಕ್ಕಿತು, ಸಾರ್ ಅವರಿಂದ.

ಅಲ್ಲಿಂದ ಕನ್ನಡಕ್ಕೆ ಬಂದೆ. "ಆ ಹುಡುಗಿ ನಾನೇ. ಅವತ್ತು ನೀವು ಹಾಳೆ ಹಂಚಿಸಿದ್ರಿ ಸಾರ್. ನನ್ನ ಬೆಂಚಿಗೆ ಬರಲಿಲ್ಲ. ಅದಕ್ಕೇ ಕೊಟ್ಟಿಲ್ಲ ಅಂದೆ. ನೀವು ಇಟ್ಟ ಗೆಟ್ಟಮ್ಮ ಅನ್ನೋ ಹೆಸರು ನಮ್ಮೂರಿಗೆ ಬರೋ ಹೊತ್ತಿಗೆ ಕೆಟ್ಟವಳು ಅಂತಾಗಿತ್ತು. ಅದರಿಂದ ನೋಡಿ ಒಪ್ಪಿದ್ದ ಸಂಬಂಧ ಮುರೀತು. ನಮ್ಮಪ್ಪ ಆಮೇಲೆ ತುಂಬಾ ದಿನ ಜಗುಲಿ ಮೇಲೆ ಕೂರಲಿಲ್ಲ. ಈ ಕಥೇನ ನೀವು ಎಲ್ಲಾ ಕಡೆ ಹೇಳ್ತೀರಂತೆ. ಇನ್ಮೇಲೆ ಹೇಳುವಾಗ ಇಷ್ಟನ್ನೂ ಸೇರಿಸಿ ಹೇಳಿ."

ಮೇಷ್ಟ್ರು ಮುಂದಿದ್ದ ನೀರಿನ ಲೋಟವನ್ನು ಎತ್ತಿದರು, ಕುಡಿಯದೆ ಇಟ್ಟರು. ಕಿವಿಯವರೆಗೂ ಕೆಂಪಗಾಗಿದ್ದರು. ನಾನು ನೆಟ್ಟಗೆ ನೋಡಿದೆ. ಅವರು ನೋಡಲಿಲ್ಲ. ಕೊನೆಗೆ ಮತ್ತೆ ಇಂಗ್ಲಿಷಿನಲ್ಲಿ, "ಐ ಹ್ಯಾವ್ ವೇಟೆಡ್ ಲಾಂಗ್ ಟು ಗೆಟ್ ಇಟ್ ಓವರ್ ವಿತ್. ಥ್ಯಾಂಕ್ ಯೂ, ಸರ್" ಎಂದು ಹೇಳಿ ಇಳಿದೆ.

ಸಂಜೆ ನಾನೂ ಗೆಳತಿಯೂ ಬಸ್‌ಸ್ಟ್ಯಾಂಡಿನಲ್ಲಿ ಕೆ.ಆರ್. ಪೇಟೆ ಬಸ್ಸಿಗೆ ಕಾಯುತ್ತಿದ್ದೆವು. ಮೇಷ್ಟ್ರು ಚರ್ಮದ ಬ್ಯಾಗು ಹಿಡಿದು ಅಲ್ಲಿಗೇ ಬಂದರು. ಬೇರೆ ಕಡೆ ಹೋಗಿ ನಿಲ್ಲುತ್ತಾರೆ ಅಂದುಕೊಂಡೆ. ಅವರು ನೇರ ನನ್ನ ಹತ್ತಿರ ಬಂದರು.

"ನೋಡಮ್ಮ, ನಾನು ಯಾರಿಗೂ ಕೆಟ್ಟದ್ದು ಬಯಸಿದವನಲ್ಲ. ಅದೊಂದು ತಮಾಷೆ ಅಷ್ಟೆ."

"ತಮಾಷೆ ನಿಮ್ಮದು ಸಾರ್. ಹೆಸರು ಹೊತ್ತಿದ್ದು ನಾನು."

"ಅಷ್ಟು ಜನರ ಮುಂದೆ ಹೇಳಬೇಕಿತ್ತಾ? ನನ್ನ ಹತ್ರ ಬಂದು ಹೇಳಬಹುದಿತ್ತು."

"ನೀವು ಅಂದಿದ್ದೂ ಜನರ ಮುಂದೇನೇ."

ಅವರು ಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಕ್ಷಮಿಸು ಎನ್ನುತ್ತಾರೇನೋ ಎಂದು ಒಂದು ಕ್ಷಣ ಅನ್ನಿಸಿತು. ಅಂದಿದ್ದರೆ ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ. ಅವರು ಅನ್ನಲಿಲ್ಲ. ತರಗತಿಯಲ್ಲಿ ತಿದ್ದುವ ದನಿಯಲ್ಲಿ ಹೇಳಿದರು: "ಇಂಗ್ಲಿಷ್ ಚೆನ್ನಾಗಿ ಕಲಿತಿದ್ದೀಯ. ಕೊನೆ ವಾಕ್ಯದಲ್ಲಿ ಮಾತ್ರ ತಪ್ಪಿದೆ. ಗೆಟ್ ಓವರ್ ಇಟ್ ಅನ್ನಬೇಕಿತ್ತು."

ಇದೇ ಉತ್ತರಕ್ಕಾಗಿ ನಾನು ಮಾವನ ಮನೆಯ ನಿಘಂಟು ಸವೆಸಿದ್ದೆ ಅನ್ನಿಸಿಬಿಟ್ಟಿತು.

"ಇಲ್ಲ ಸಾರ್. ಗೆಟ್ ಓವರ್ ಇಟ್ ಅಂದ್ರೆ ನೋವನ್ನ ದಾಟಿ ಚೇತರಿಸಿಕೊಳ್ಳೋದು. ಗೆಟ್ ಇಟ್ ಓವರ್ ವಿತ್ ಅಂದ್ರೆ ಮಾಡಲೇಬೇಕಾದ ಕೆಲಸಾನ ಮಾಡಿ ಮುಗಿಸಿಬಿಡೋದು. ನಾನು ಚೇತರಿಸಿಕೊಂಡಿಲ್ಲ. ಕೆಲಸ ಮುಗಿಸಿದೆ. ನಾನು ಹೇಳಿದ್ದೇ ಸರಿ."

ನಾನು ಹೇಳಿದ್ದು ಸರಿಯೆಂದು ಅವರಿಗೆ ಗೊತ್ತಿತ್ತು. ಅಷ್ಟು ಇಂಗ್ಲಿಷ್ ಅವರಿಗೆ ಬರುತ್ತಿತ್ತಲ್ಲ. ತಿರುಗಿ ಹೋಗಿ ಯಾವುದೋ ಹೊರಟು ನಿಂತಿದ್ದ ಬಸ್ಸು ಹತ್ತಿದರು. ಅದು ಅವರ ಊರಿನ ಕಡೆ ಹೋಗುವ ಬಸ್ಸೇ ಅಲ್ಲ ಎಂದು ಗೆಳತಿ ಹೇಳಿದಳು. ನಿಜವೋ, ನನ್ನನ್ನು ನಗಿಸಲು ಹೇಳಿದಳೋ, ನಾನಂತೂ ಬಸ್ಸು ಬರುವತನಕ ನಕ್ಕೆ. ನಗು ನಿಂತ ಮೇಲೆ ಮೈ ಎಲ್ಲ ಜ್ವರ ಬಿಟ್ಟವಳ ಹಾಗೆ ಬೆವರಿತ್ತು.

ವಾರದ ರಜೆಗೆ ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. ಅವಳು ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು ಕೇಳಿದಳು.

"ಅತ್ನಾ?"

"ಇಲ್ಲ ಕಣವ್ವ. ಮುಖ ಕೆಂಪಾಯ್ತು ಅಷ್ಟೇಯ."

"ಅಳಿಸ್ಬೇಕಾಗಿತ್ತು ಕಣವ್ವ" ಎಂದು ಮತ್ತೆ ಮೊರ ಎತ್ತಿಕೊಂಡಳು. ಅಪ್ಪ ಒಳಗಿನಿಂದ ಕೇಳಿಸಿಕೊಂಡಿದ್ದರು. ಊಟಕ್ಕೆ ಕೂತಾಗ, "ಅವ್ನು ಹತ್ತಿದ್ ಬಸ್ಸು ಎಲ್ಲಿಗೆ ಓಗೋದು ಅಂದೆ?" ಎಂದು ನನ್ನ ಬಾಯಿಂದ ಇನ್ನೊಂದು ಸಲ ಹೇಳಿಸಿದರು.

ಕ್ಷಮಿಸಿದರೆ ಮನಸ್ಸು ಹಗುರವಾಗುತ್ತದೆ ಎಂದು ಹೇಳುವವರನ್ನು ಆಮೇಲೆ ಬಹಳ ಜನರನ್ನು ಕಂಡೆ. ಇರಬಹುದು. ನನ್ನದು ಹಗುರವಾದದ್ದು ಕ್ಷಮಿಸದೆ. ನನಗೆ ಮದುವೆ ಬೇರೆ ಕಡೆ ಆಯಿತು, ಅದರಲ್ಲಿ ನನಗೆ ಕೊರತೆಯೇನೂ ಇಲ್ಲ. ಆದರೂ ಅಪ್ಪ ಟವೆಲ್ಲು ಹಾಕಿಕೊಂಡು ಎದ್ದುಹೋದ ಆ ಸಂಜೆಗೆ ನನ್ನಲ್ಲಿ ಮಾಫಿ ಇಲ್ಲ.

ಮುಂದಿನ ವರ್ಷದ ತರಬೇತಿ ಪಾಂಡವಪುರದಲ್ಲಿತ್ತು. ನನ್ನನ್ನು ಹಾಕಿರಲಿಲ್ಲ, ಗೆಳತಿ ಹೋಗಿದ್ದಳು. ವಾಪಸು ಬಂದವಳು ನಮ್ಮ ಶಾಲೆಗೇ ಓಡಿಬಂದಳು. ಅದೇ ಮೇಷ್ಟ್ರು ಬಂದಿದ್ದರಂತೆ, ಅದೇ ಉಪನ್ಯಾಸವಂತೆ. ಆ ಕ್ರಿಯಾಪದದ ಹತ್ತಿರ ಬಂದಾಗ ಎಂದಿನಂತೆ "ಇದಕ್ಕೊಂದು ಉದಾಹರಣೆ" ಎಂದು ಶುರು ಮಾಡಿದವರು ಸಭೆಯ ಮುಖಗಳನ್ನು ಒಂದೊಂದಾಗಿ ನೋಡಿದರಂತೆ. ಕೊನೆಯ ಸಾಲಿನವರೆಗೂ ನೋಡಿ, ಚೀಟಿ ತಿರುವಿ, ಉದಾಹರಣೆ ಹೇಳದೆ ಮುಂದಿನ ಪದಕ್ಕೆ ಹೋದರಂತೆ.

ನಾನು ಅವತ್ತು ಸ್ಟಾಫ್ ರೂಮಿನಲ್ಲಿದ್ದವರಿಗೆಲ್ಲ ಟೀ ತರಿಸಿದೆ. ಏನು ಮಿಸ್ ವಿಶೇಷ ಎಂದು ಹೆಡ್‌ಮಾಸ್ಟರು ಕೇಳಿದರು. ಏನಿಲ್ಲ ಸಾರ್, ಕುಡೀರಿ ಅಂದೆ.